ಮಳೆಯ ಲೆಕ್ಕದ ಏಳನೆಯ ಟೆಸ್ಟ್‌ಕೇಸ್

ಓಂಕಾರಪ್ಪನವರ ಕಬ್ಬಿಣದ ಅಂಗಡಿ ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿತ್ತು. ಮಗಳು ಸರ್ವಮಂಗಳಾ ಒಂಬತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದಳು. ವಸ್ತಾರೆ ಕಡೆಯ ಗಿರಾಕಿಯೊಬ್ಬರು ಗಲ್ಲಾದ ಮುಂದೆ ನಿಂತಿದ್ದರು. ಓಂಕಾರಪ್ಪ ಹಮಾಲಿ ಮಾರಯ್ಯನಿಗೆ "ಆರರದ್ದು ಹತ್ತು ಸರಳು ತಾರೋ" ಎಂದು ಕೂಗಿದರು. ಮಾರಯ್ಯ ಆರಡಿ ಉದ್ದದ ಸರಳುಗಳನ್ನು ಹೆಗಲ ಮೇಲೆ ಹೊತ್ತು ತಂದು ಹಾಕಿದ. ಬೇಕಾಗಿದ್ದದ್ದು ಆರು ಮಿಲಿಮೀಟರ್ ದಪ್ಪದ ಸರಳು. ಗಿರಾಕಿ ಸುಮ್ಮನೆ ನಕ್ಕರು. ಆ ನಗುವಿಗೆ ಓಂಕಾರಪ್ಪನವರ ಮುಖ ಕಪ್ಪಿಟ್ಟಿತು. ತಕ್ಕಡಿಯ ಮೇಲಿದ್ದ ಅರ್ಧ ಕೆ.ಜಿ. ಬಟ್ಟನ್ನು ತೆಗೆದು ಬೀಸಿದರು. ಅದು ಮಾರಯ್ಯನ ದವಡೆಗೆ ಬಿತ್ತು. ಅವನು ಬಾಯಿ ಮುಚ್ಚಿಕೊಂಡು ಕುಕ್ಕರಿಸಿದ; ಬೆರಳ ಸಂದಿಯಿಂದ ರಕ್ತದ ಜೊತೆ ಒಂದು ಹಲ್ಲು ಜಾರಿ ನೆಲಕ್ಕೆ ಬಿತ್ತು.

"ಅಪ್ಪಾಜಿ, ಉದ್ದನೋ ದಪ್ಪನೋ ಅಂತ ನೀವು ಹೇಳ್ಲೇ ಇಲ್ಲ" ಎಂದಳು ಹುಡುಗಿ.

ಆ ಮಾತಿಗೆ ಬಿದ್ದ ಏಟಿನಿಂದ ಅವಳ ಎಡಗಿವಿಯಲ್ಲಿ ರಕ್ತ ಬಂತು. ಕಿವಿ ಮುಂದೆ ಪೂರ್ತಿ ಸರಿಯಾಗಲೇ ಇಲ್ಲ. ಅಪ್ಪ ಕೆಟ್ಟವರೆಂದು ಅವಳಿಗೆ ಅನಿಸಲಿಲ್ಲ. ಆ ಸಂಜೆ ಅವರೇ ಮಡಿಲಲ್ಲಿ ಕೂರಿಸಿಕೊಂಡು ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರು. ಆದರೆ ಮಾರಯ್ಯನ ತಪ್ಪೇನು ಎಂದು ಅವರೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ.

ಸರ್ವಮಂಗಳಾ ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ ಮೂಡಿಗೆರೆಯ ಮಲಯಶ್ರೀ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದರು. ಮದುವೆಯಾಗಲಿಲ್ಲ, ಕೇಳಿದವರಿಗೆ ಕಾರಣವನ್ನೂ ಹೇಳಲಿಲ್ಲ. ತೊಂಬತ್ತಾರರಲ್ಲಿ ಕಾಲೇಜಿಗೆ ಎಂಟು ಕಂಪ್ಯೂಟರ್ ಬಂದಾಗ ಅವುಗಳ ಹತ್ತಿರ ಹೋಗಲು ಹಿರಿಯ ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. ಇವರು ಪುಸ್ತಕ ಇಟ್ಟುಕೊಂಡು ಒಂದು ಬೇಸಿಗೆ ರಜೆಯಲ್ಲಿ ಸಿ ಭಾಷೆ ಕಲಿತರು. ಬಿಸಿಎ ಶುರುವಾದ ಮೇಲೆ ಲ್ಯಾಬಿನ ಬೀಗದ ಕೈ ಇವರ ಸೊಂಟಕ್ಕೇ ಬಂತು.

ಇವರ ಕೈಗೆ ಪ್ರೋಗ್ರಾಮಿಂಗ್ ಪ್ರಶ್ನೆಪತ್ರಿಕೆ ಕೊಡಲು ಎಲ್ಲರೂ ಅಂಜುತ್ತಿದ್ದರು. "ಒಂದರಿಂದ ನೂರರ ನಡುವಿನ ಸಂಖ್ಯೆಗಳು" ಎಂದು ಬರೆದರೆ ಒಂದೂ ನೂರೂ ಸೇರುತ್ತವೆಯೋ ಇಲ್ಲವೋ ಎಂದು ಕೆಂಪು ಪೆನ್ನಿನಲ್ಲಿ ಕೇಳುತ್ತಿದ್ದರು. "ಹೆಸರುಗಳನ್ನು ಕ್ರಮವಾಗಿ ಜೋಡಿಸಿ" ಎಂದರೆ ಯಾವ ಕ್ರಮ, ಒಂದೇ ಹೆಸರು ಎರಡು ಸಲ ಬಂದರೆ ಏನು ಎಂದು ಬರೆಯುತ್ತಿದ್ದರು. ಪ್ರೋಗ್ರಾಮನ್ನು ಪರೀಕ್ಷಿಸಲು ಕೊಡುವ ಮಾದರಿ ಅಂಕಿಗಳನ್ನು, ಅಂದರೆ ಟೆಸ್ಟ್‌ಕೇಸ್‌ಗಳನ್ನು, ಪ್ರತಿಯೊಂದನ್ನೂ ಕೈಯಾರೆ ಲೆಕ್ಕ ಹಾಕಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಉಪನ್ಯಾಸಕರು ತಾಳ್ಮೆಗೆಟ್ಟು, ಇವರು ತಿದ್ದಿದ ಹಾಳೆಗಳನ್ನು ಇವರ ಮುಖಕ್ಕೇ ಎಸೆದು ಹೋದರು. ಇವರು ಹಾಳೆಗಳನ್ನು ಆರಿಸಿ, ಪುಟದ ಸಂಖ್ಯೆ ನೋಡಿ ಜೋಡಿಸಿ, ಅವರ ಮೇಜಿನ ಮೇಲೆ ಇಟ್ಟು ಬಂದರು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಮಲಯಶ್ರೀ ಕಾಲೇಜು ಜಿಲ್ಲೆಯ ಕಾಲೇಜುಗಳಿಗೆಲ್ಲ ಒಂದು ಪ್ರೋಗ್ರಾಮಿಂಗ್ ಸ್ಪರ್ಧೆ ಇಟ್ಟಿತು. ಒಂದು ತಂಡಕ್ಕೆ ಇಬ್ಬರು, ನಾಲ್ಕು ಪ್ರಶ್ನೆ, ಮೂರು ಗಂಟೆ. ನಾಲ್ಕನ್ನೂ ಮೊದಲು ಬಿಡಿಸಿದವರಿಗೆ ಹೊಸ ಕಂಪ್ಯೂಟರ್. ಪ್ರಶ್ನೆ ತೆಗೆಯುವ ಕೆಲಸ ಹೊಸದಾಗಿ ಸೇರಿದ್ದ ನಾಗೇಶನದು. ಅವನಿಗೆ ಇಪ್ಪತ್ತೈದು ವರ್ಷ, ಬುದ್ಧಿವಂತ, ಅವಸರದವನು. ಒಂದು ವಾರ ಮುಂಚೆ ಅವನು ತೋರಿಸಿದ ಪ್ರಶ್ನೆಗಳಲ್ಲಿ ಸರ್ವಮಂಗಳಾ ಹನ್ನೊಂದು ಕಡೆ ಕೆಂಪು ಗೆರೆ ಎಳೆದರು. ನಾಲ್ಕನೆಯದು ತೀರ ಗೋಜಲಾಗಿತ್ತು. ಅದನ್ನು ತಿದ್ದುವ ಬದಲು ಅವನು ಕೊನೆಯ ದಿನ ಬೇರೆ ಪ್ರಶ್ನೆ ಬರೆದು ಸೇರಿಸಿದ. ಅದನ್ನು ಇವರಿಗೆ ತೋರಿಸಲಿಲ್ಲ.

ಆ ಪ್ರಶ್ನೆ ಮಳೆಯದು. ಒಂದು ಎಸ್ಟೇಟಿನಲ್ಲಿ ದಿನದಿನದ ಮಳೆಯ ಅಳತೆ ಸೆಂಟ್ಸ್‌ನಲ್ಲಿ, ಅಂದರೆ ಇಂಚಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, ಕೊಟ್ಟಿರುತ್ತದೆ. ಬಿಡುವಿಲ್ಲದೆ ಅತಿ ಹೆಚ್ಚು ದಿನ ಮಳೆ ಬಂದ ಅವಧಿ ಯಾವ ದಿನ ಶುರುವಾಯಿತು ಎಂದು ಪ್ರೋಗ್ರಾಮು ಹೇಳಬೇಕು.

ಕೊನೆಗೆ ಎರಡು ತಂಡ ಉಳಿದವು. ಒಂದು ಅದೇ ಕಾಲೇಜಿನ ರಾಜೇಶ್ ಮತ್ತು ಅವನ ಜೊತೆಗಾರ. ರಾಜೇಶ್, ಬಾಳೂರಿನ ದೊಡ್ಡ ಪ್ಲಾಂಟರ್ ಸುಬ್ಬಣ್ಣನವರ ಮಗ. ಸುಬ್ಬಣ್ಣನವರೇ ಕಾಲೇಜು ಕಮಿಟಿಯ ಅಧ್ಯಕ್ಷರು. ಇನ್ನೊಂದು ಕಳಸದಿಂದ ಬಂದಿದ್ದ ಧನ್ಯಾ ಮತ್ತು ದೇವರಾಜ. ಕಳಸದವರು ಹನ್ನೆರಡಕ್ಕೂ ಮುಂಚೆ ನಾಲ್ಕನೆಯ ಪ್ರಶ್ನೆಯ ಫ್ಲಾಪಿ ತಂದುಕೊಟ್ಟರು. ನಾಗೇಶನ ಯಂತ್ರ ಹತ್ತು ಟೆಸ್ಟ್‌ಗಳಲ್ಲಿ ಒಂಬತ್ತಕ್ಕೆ ಸರಿ ಎಂದಿತು, ಏಳನೆಯದಕ್ಕೆ ತಪ್ಪು ಎಂದಿತು. ಮುಂದಿನ ಒಂದು ಗಂಟೆ ಅವರಿಬ್ಬರೂ ಇಲ್ಲದ ತಪ್ಪನ್ನು ಹುಡುಕುತ್ತ ಕೂತರು. ರಾಜೇಶನ ತಂಡ ಒಂದು ಗಂಟೆಗೆ ಫ್ಲಾಪಿ ಕೊಟ್ಟಿತು. ಹತ್ತಕ್ಕೆ ಹತ್ತೂ ಸರಿ.

ಊಟದ ನಂತರ ಧನ್ಯಾ ಸರ್ವಮಂಗಳಾ ಅವರ ಬಳಿ ಬಂದಳು. ಅವಳ ಕಣ್ಣು ಕೆಂಪಾಗಿದ್ದವು.

"ಮೇಡಂ, ಗೆಲ್ಸಿ ಅಂತ ಕೇಳ್ತಾ ಇಲ್ಲ. ನಮ್ದು ಎಲ್ಲಿ ತಪ್ಪಾಯ್ತು ಅಂತ ಒಂದ್ಸಲ ತೋರಿಸ್ತೀರಾ?"

ಇವರು ಲ್ಯಾಬಿಗೆ ಹೋಗಿ ಏಳನೆಯ ಟೆಸ್ಟಿನ ಕಡತ ತೆರೆದರು. ಹದಿನೈದು ದಿನದ ಅಂಕಿ. ಬೆರಳಿಟ್ಟು ಎಣಿಸಿದರು. ಮೂರರಿಂದ ಆರನೇ ದಿನದವರೆಗೆ ಮಳೆ, ಆಮೇಲೆ ಮೂರು ದಿನ ಬಿಡುವು, ಹತ್ತರಿಂದ ಹದಿಮೂರರವರೆಗೆ ಮತ್ತೆ ಮಳೆ. ಎರಡು ಕಡೆಯೂ ನಾಲ್ಕು ನಾಲ್ಕು ದಿನ. ಕಳಸದವರ ಪ್ರೋಗ್ರಾಮು ಮೂರು ಎಂದಿತ್ತು. ನಾಗೇಶನ ಉತ್ತರ ಹತ್ತು; ರಾಜೇಶನ ತಂಡದ್ದೂ ಹತ್ತು. ಸಮನಾದರೆ ಯಾವುದನ್ನು ಹೇಳಬೇಕೆಂದು ಪ್ರಶ್ನೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ.

ನಾಗೇಶನನ್ನು ಕರೆದು ತೋರಿಸಿದರು.

ಅವನು ಪರದೆಯನ್ನೇ ನೋಡುತ್ತ ನಿಂತ. "ಅಯ್ಯೋ, ಇದು ನಂಗೆ ಹೊಳೀಲೇ ಇಲ್ಲ. ಈಗ ಎಂತ ಮಾಡೋದು ಮೇಡಂ? ಸುಬ್ಬಣ್ಣನವ್ರು ಬಂದು ಕೂತಾಗಿದೆ. ಆಮೇಲೆ ನೋಡಿದ್ರಾಗಲ್ವಾ?"

"ಆಮೇಲೆ ಅಂದ್ರೆ ಯಾವಾಗ?"

ಸಭಾಂಗಣದಲ್ಲಿ ಆಗಲೇ ರಾಜೇಶನ ಹೆಸರು ಕೂಗಿಯಾಗಿತ್ತು. ಸರ್ವಮಂಗಳಾ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು. ನಾಲ್ಕನೆಯ ಪ್ರಶ್ನೆ ಅಸ್ಪಷ್ಟವಾಗಿದೆ, ಏಳನೆಯ ಟೆಸ್ಟಿಗೆ ಎರಡು ಉತ್ತರವೂ ಸರಿ, ಹಾಗಾಗಿ ಎಲ್ಲ ತಂಡಗಳ ಫ್ಲಾಪಿಯನ್ನೂ ಇನ್ನೊಮ್ಮೆ ನೋಡಿಯೇ ಫಲಿತಾಂಶ ಹೇಳಬೇಕು ಎಂದರು. ಸುಬ್ಬಣ್ಣನವರ ಕೈಯಲ್ಲಿ ಹಾರ ಹಾಗೇ ಉಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು. ಇನ್ನೊಬ್ಬ "ಕಳಸ ಗೆದ್ದಂಗಾಯ್ತು!" ಎಂದು ಕೂಗಿದ. ರಾಜೇಶ್ ಅರ್ಧ ಮೆಟ್ಟಿಲು ಹತ್ತಿದ್ದವನು ಇಳಿದ. ಅವನು ನಡೆದದ್ದು ಲ್ಯಾಬಿನ ಕಡೆಗೆ. ಅವನ ಹಿಂದೆ ನಾಲ್ಕು ಜನ ಎದ್ದರು.

ಸರ್ವಮಂಗಳಾ ಓಡಿದರು. ಅವರು ಲ್ಯಾಬು ಮುಟ್ಟುವಷ್ಟರಲ್ಲಿ ರಾಜೇಶ್ ಕಳಸದವರ ಫ್ಲಾಪಿಯನ್ನು ಎತ್ತಿ ಎರಡು ತುಂಡು ಮಾಡಿದ್ದ. ಧನ್ಯಾಳ ಜೊತೆ ಅಲ್ಲೇ ಕಾಯುತ್ತಿದ್ದ ದೇವರಾಜ ಅವನ ಎದೆಗೆ ಕೈ ಹಾಕಿ ತಳ್ಳಿದ. ರಾಜೇಶ್ ಕಬ್ಬಿಣದ ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ ನೇರ ಮುಖಕ್ಕೆ ಬಾರಿಸಿದ. ಮೂಗಿನ ಮೂಳೆ ಮುರಿದ ಸದ್ದು ಇವರಿಗೆ ಒಳ್ಳೆಯ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ದೇವರಾಜ ಬಿದ್ದ. ಬಿದ್ದವನ ಪಕ್ಕೆಗೆ, ಹೊಟ್ಟೆಗೆ, ಕುತ್ತಿಗೆಗೆ ಐದು ಜನರ ಬೂಟುಗಳು ಬಿದ್ದವು. ಯಾರೋ ಮಾನಿಟರ್ ಎತ್ತಿ ಗೋಡೆಗೆ ಎಸೆದರು. ಗಾಜು ಸಿಡಿದು ಧನ್ಯಾಳ ಕೆನ್ನೆ ಸೀಳಿತು.

"ಬಿಡ್ರೋ! ಸಾಯಿಸ್ತೀರೇನ್ರೋ ಅವನ್ನ!"

ಸರ್ವಮಂಗಳಾ ಬೂಟುಗಳ ನಡುವೆ ನುಗ್ಗಿದರು. ಅವರ ಬೆನ್ನಿಗೂ ಎರಡು ಒದೆ ಬಿದ್ದವು. ದೇವರಾಜನ ಕಾಲರ್ ಹಿಡಿದು ಎಳೆದುಕೊಂಡು ಪಕ್ಕದ ಸರ್ವರ್ ಕೋಣೆಗೆ ಹೋದರು. ಧನ್ಯಾಳನ್ನು ಒಳಗೆ ನೂಕಿದರು. ಲ್ಯಾಬಿನ ಕಡೆಗೆ ತೆರೆಯುವ ಬಾಗಿಲನ್ನು ಎಳೆದು ಮುಚ್ಚಲು ಚೌಕಟ್ಟಿಗೆ ಎಡಗೈ ಊರಿದ್ದರು, ಅಷ್ಟರಲ್ಲಿ ರಾಜೇಶ್ ಹೊರಗಿನಿಂದ ಬಾಗಿಲಿಗೆ ಒದ್ದ. ಎಡಗೈಯ ಎರಡು ಬೆರಳು ಸಂದಿಯಲ್ಲಿ ಸಿಕ್ಕಿದವು. ಅವರು ಚೀರಿದರು. ಬಾಗಿಲಿನ ಮೇಲ್ಭಾಗದ ಗಾಜಿನಲ್ಲಿ ರಾಜೇಶನ ಮುಖ ಕಾಣುತ್ತಿತ್ತು. ಅವನು ಬೆರಳುಗಳನ್ನು ನೋಡಿದ. ಇವರ ಮುಖವನ್ನೂ ನೋಡಿದ. ಮತ್ತೊಮ್ಮೆ ಒದ್ದ.

ಒಳಗಿನಿಂದ ದೇವರಾಜ ರಕ್ತ ಸುರಿಸುತ್ತಲೇ ಎದ್ದು, ಸ್ಟೆಬಿಲೈಸರನ್ನು ಕಿತ್ತು ಆ ಗಾಜಿನ ಮೂಲಕ ಎಸೆದ. ಅದು ರಾಜೇಶನ ಹಣೆಗೆ ತಗುಲಿತು. ಅವನು ಕೂಗದೆ ಹಿಂದಕ್ಕೆ ಬಿದ್ದ. ಒದೆತ ನಿಂತಿತು. ಒಡೆದ ಗಾಜಿನಾಚೆ, ಲ್ಯಾಬಿನ ಕೊನೆಯಲ್ಲಿ, ನಾಗೇಶ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವನು ಎಲ್ಲವನ್ನೂ ನೋಡಿದ್ದ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಎಲ್ಲರನ್ನೂ ಒಂದೇ ಉದ್ದನೆಯ ಜಗಲಿಯಲ್ಲಿ ಕೂರಿಸಿದರು. ರಾಜೇಶನ ಹಣೆಗೆ ಒಳಗೆ ಹೊಲಿಗೆ ಹಾಕುತ್ತಿದ್ದರು. ದೇವರಾಜ ಬೆಂಚಿನ ಮೇಲೆ ಮಲಗಿ ಬಾಯಿಂದ ಉಸಿರಾಡುತ್ತಿದ್ದ. ಧನ್ಯಾಳ ಕೆನ್ನೆಗೆ ಹತ್ತಿ ಒತ್ತಿದ್ದರು. ಸರ್ವಮಂಗಳಾ ಅವರ ಬೆರಳುಗಳಿಗೆ ಮರದ ಪಟ್ಟಿ ಕಟ್ಟಿದ್ದರು. ಅವರ ಸೀರೆಯ ಸೆರಗೆಲ್ಲ ರಕ್ತ. ಸೊಂಟದಲ್ಲಿ ಪ್ರಶ್ನೆಯ ಹಾಳೆ ಮಡಚಿದ ಹಾಗೇ ಸಿಕ್ಕಿಕೊಂಡಿತ್ತು.

ಸುಬ್ಬಣ್ಣ ಬಂದು ಇವರ ಮುಂದೆ ನಿಂತರು. ಜೋರು ಮಾತಾಡುವ ಮನುಷ್ಯ ಅಲ್ಲ ಅವರು.

"ಮೇಡಂ, ನಮ್ಮ ಹುಡುಗನ ತಲೆ ಒಡ್ದಿದೆ. ಇದಕ್ಕೆಲ್ಲ ಕಾರಣ ಯಾರು ಅಂತ ನೀವೇ ಹೇಳಿ."

ಇವರು ಬಲಗೈಯಿಂದ ಹಾಳೆ ಬಿಡಿಸಿ ಅವರಿಗೆ ಕೊಟ್ಟರು. "ನೀವು ಮೂವತ್ತು ವರ್ಷದಿಂದ ತೋಟದಲ್ಲಿ ಮಳೆ ಅಳೆದು ಬರೆಸ್ತಿದೀರಿ. ಇದನ್ನ ಓದಿ. ಕೆಳಗೆ ಹದಿನೈದು ದಿನದ್ದು ಬರ್ಕೊಂಡಿದೀನಿ."

ಸುಬ್ಬಣ್ಣ ಕನ್ನಡಕ ಹಾಕಿಕೊಂಡು ಓದಿದರು. ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಎರಡೂ ಕಡೆ ನಾಕ್ನಾಕು ದಿನ ಆಯ್ತಲ್ಲ. ಇದ್ರಲ್ಲಿ ಯಾವ್ದು ಅಂತ ಬರ್ದೇ ಇಲ್ಲ?"

"ಇಲ್ಲ."

"ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಹಿಂಗೆ ಬರ್ದಿದ್ರೆ ನಾನು ಪುಸ್ತಕ ಎಸೀತಿದ್ದೆ." ಅವರು ಹಾಳೆಯನ್ನು ವಾಪಸು ಕೊಟ್ಟರು. "ಸರಿ. ಪ್ರಶ್ನೆ ತಪ್ಪು. ಒಪ್ದೆ. ಆದ್ರೆ ಸಾವಿರ ಜನದ ಮುಂದೆ ನನ್ನ ಕೈಲಿ ಹಾರ ಇಟ್ಕೊಂಡು ನಿಲ್ಲಿಸಿದ್ರಲ್ಲ, ಅದೂ ತಪ್ಪೇ. ಈಗ ಪೊಲೀಸರು ಬರ್ತಾರೆ. ಬಾಗಿಲು ಮುಚ್ಚುವಾಗ ಬೆರಳು ಸಿಕ್ತು ಅಂತ ಹೇಳಿ. ಹಂಗಾದ್ರೆ ನಾಡಿದ್ದಿಂದ್ಲೂ ಲ್ಯಾಬು ನಿಮ್ಮ ಕೈಲೇ ಇರುತ್ತೆ."

ಸಬ್‌ಇನ್ಸ್‌ಪೆಕ್ಟರ್ ಬಂದು ಬೆಂಚಿನ ಮೇಲೆ ಕುಳಿತು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು: ಎರಡು ಗುಂಪುಗಳ ನಡುವೆ ಗಲಾಟೆಯಾಗಿ ಪರಸ್ಪರ ಹೊಡೆದಾಡಿಕೊಂಡಿದ್ದು, ಆ ಸಂದರ್ಭದಲ್ಲಿ ಬಾಗಿಲಿಗೆ ಸಿಕ್ಕಿ ಉಪನ್ಯಾಸಕಿಯವರ ಬೆರಳಿಗೆ ಪೆಟ್ಟಾಗಿರುತ್ತದೆ.

"ಸಹಿ ಮಾಡಿ ಮೇಡಂ."

"ಪೆನ್ನು ಕೊಡಿ. ಎರಡು ಗುಂಪು ಅಂದ್ರೆ ಯಾವ ಗುಂಪು? ಒಂದು ಕಡೆ ಐದು ಜನ, ಇನ್ನೊಂದು ಕಡೆ ಈ ಹುಡುಗ ಒಬ್ಬ. ಪರಸ್ಪರ ಅಂದ್ರೆ ಯಾರು ಮೊದಲು? ಫ್ಲಾಪಿ ಮುರಿದಿದ್ದು ಮೊದಲು, ಅವನು ತಳ್ಳಿದ್ದು ಎರಡನೇದು, ಸ್ಟೂಲು ಮೂರನೇದು. ಬಾಗಿಲಿಗೆ ಸಿಕ್ಕಿ ಅನ್ನಬೇಡಿ. ಬಾಗಿಲಿಗೆ ಎರಡು ಸಲ ಒದ್ದಿದ್ದು. ಮೊದಲನೇ ಸಲ ಅವನಿಗೆ ನನ್ನ ಬೆರಳು ಕಂಡಿರಲಿಲ್ಲ. ಎರಡನೇ ಸಲ ಕಂಡಿತ್ತು. ಈ ಹುಡುಗ ಸ್ಟೆಬಿಲೈಸರ್ ಎಸೆದಿದ್ದು ಅದಾದ ಮೇಲೆ. ಅದನ್ನೂ ಬರೀರಿ, ಬಿಡಬೇಡಿ."

ಸುಬ್ಬಣ್ಣನವರ ಮುಖ ನೋಡಿ ಸಬ್‌ಇನ್ಸ್‌ಪೆಕ್ಟರ್ ಪೆನ್ನು ಕೊಡಲು ಹಿಂದೇಟು ಹಾಕಿದರು. ಇವರು ಕೈ ಚಾಚಿಯೇ ಇದ್ದರು. ಬೆರಳಿನ ನೋವಿಗೆ ಹಣೆಯ ಮೇಲೆ ಬೆವರು ಹನಿಯುತ್ತಿತ್ತು. ಕೊನೆಗೆ ಹೇಳಿಕೆ ಮೂರು ಸಲ ಹೊಸದಾಗಿ ಬರೆದಾಯಿತು. ಜೊತೆಗೆ ಬಂದಿದ್ದ ನಾಗೇಶನನ್ನು ಕೇಳಿದಾಗ ಅವನು ತಾನು ಸಭಾಂಗಣದಲ್ಲಿದ್ದೆ, ಏನೂ ನೋಡಲಿಲ್ಲ ಎಂದ. ಇವರು ಅವನ ಕಡೆ ತಿರುಗಿದರು. ಅವನು ನೆಲ ನೋಡಿದ.

ಪೊಲೀಸರು ಹೋದ ಮೇಲೆ ಸರ್ವಮಂಗಳಾ ಧನ್ಯಾಳ ಹತ್ತಿರ ಪ್ರೋಗ್ರಾಮಿನ ಕಚ್ಚಾ ಹಾಳೆ ಇದೆಯೇ ಎಂದು ಕೇಳಿದರು. ಚೀಲದಲ್ಲಿತ್ತು. "ನೀನು ಅಂಕಿ ಓದು, ನಾನು ಸಾಲು ನೋಡ್ತೀನಿ" ಎಂದರು. ಹುಡುಗಿ ಕೆನ್ನೆಯ ಹತ್ತಿ ಒತ್ತಿ ಹಿಡಿದು ಒಂದೊಂದೇ ದಿನದ ಮಳೆ ಓದಿದಳು. ಇವರು ಒಂದು ಕೈಯಲ್ಲಿ ಸಾಲು ಸಾಲಾಗಿ ಪ್ರೋಗ್ರಾಮನ್ನು ನಡೆಸುತ್ತ ಹೋದರು. ಕೊನೆಗೆ ಹಾಳೆಯ ಕೆಳಗೆ ಪ್ರಶ್ನೆಗೆ ಒಂದು ಸಾಲು ಸೇರಿಸಿದರು: ಸಮಾನ ಅವಧಿಗಳಿದ್ದರೆ ಮೊದಲನೆಯದನ್ನು ಹೇಳಬೇಕು, ಒಂದು ದಿನವೂ ಮಳೆ ಇಲ್ಲದಿದ್ದರೆ ಸೊನ್ನೆ. ಪ್ರೋಗ್ರಾಮಿನ ಪಕ್ಕ ಸರಿ ಎಂದು ಗುರುತು ಹಾಕಿ ಸಹಿ ಮಾಡಿದರು. ಕಳಸದವರಿಗೆ ಸಿಕ್ಕ ಬಹುಮಾನ ಅದೊಂದೇ. ಸ್ಪರ್ಧೆಯನ್ನು ಕಮಿಟಿ ರದ್ದು ಮಾಡಿತು.

ಸೋಮವಾರ ಲ್ಯಾಬಿಗೆ ಬೇರೆ ಬೀಗ ಬಿದ್ದಿತ್ತು. ಬುಧವಾರ ಇವರಿಗೆ ಕೆಲಸದಿಂದ ಬಿಡುಗಡೆಯ ಪತ್ರ ಬಂತು. ಬಾಡಿಗೆ ಮನೆಯ ಕಿಟಕಿಗೆ ಸತತ ಮೂರು ಸಂಜೆ ಕಲ್ಲು ಬಿದ್ದವು. ಮೂರನೆಯದು ಒಲೆಯ ಮೇಲಿದ್ದ ಸಾರಿನ ಪಾತ್ರೆಗೆ ಬಿದ್ದು, ಕುದಿಯುವ ಸಾರು ಅವರ ಪಾದದ ಮೇಲೆ ಚೆಲ್ಲಿತು. ಮಾರ್ಚಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರು ಹಿಂದಿನಿಂದ ಬಂದು ಚರಂಡಿಗೆ ತಳ್ಳಿದರು. ಒಬ್ಬ ಕನ್ನಡಕವನ್ನು ತುಳಿದು ಪುಡಿ ಮಾಡಿದ. "ಈಗ ಓದು" ಎಂದ. ಹತ್ತಾರು ಜನ ನೋಡುತ್ತಿದ್ದರು. ಹೂ ಮಾರುವ ದೇವೀರಮ್ಮ ಒಬ್ಬಳೇ ಬುಟ್ಟಿ ಬಿಟ್ಟು ಬಂದು, "ಏಳಿ ಅವ್ವಾ, ಏಳಿ" ಎಂದು ಕೈ ಹಿಡಿದು ಎತ್ತಿದಳು.

ಆ ದಿನ ಮಾತ್ರ ಸರ್ವಮಂಗಳಾ ಅತ್ತರು. ಮೈಕಿನ ಮುಂದೆ ಹೋಗದೆ ಇದ್ದಿದ್ದರೆ ದೇವರಾಜನ ಮೂಗು ನೆಟ್ಟಗಿರುತ್ತಿತ್ತು, ಆ ಹುಡುಗಿಯ ಕೆನ್ನೆಯ ಮೇಲೆ ಗೆರೆ ಇರುತ್ತಿರಲಿಲ್ಲ ಎಂಬ ಯೋಚನೆ ಅವರನ್ನು ಬಹಳ ದಿನ ತಿಂದಿತು.

ಅವರು ಚಿಕ್ಕಮಗಳೂರಿಗೆ ವಾಪಸಾಗಿ, ಅಪ್ಪನ ಕಾಲದ ಅಂಗಡಿಯ ಮಹಡಿಯಲ್ಲಿ ಮನೆಪಾಠ ಶುರು ಮಾಡಿದರು. ಮೂಡಿಗೆರೆಯ ಸುದ್ದಿ ಬಾಯಿಂದ ಬಾಯಿಗೆ ಹೋಗಿತ್ತು. ಹಾಸನದ, ಶಿವಮೊಗ್ಗದ ಕಾಲೇಜಿನವರು ಸ್ಪರ್ಧೆಗೆ ಮುಂಚೆ ಪ್ರಶ್ನೆಗಳನ್ನು ಇವರಿಗೆ ಕಳಿಸತೊಡಗಿದರು. ಮೊದಲು ಅಂಚೆಯಲ್ಲಿ, ಆಮೇಲೆ ಮೇಲ್‌ನಲ್ಲಿ. ಇವರು ಪಕ್ಕದ ಸೈಬರ್ ಕೆಫೆಯಲ್ಲಿ ಕೂತು ಓದಿ, ಟೆಸ್ಟ್‌ಕೇಸ್‌ಗಳನ್ನು ಕೈಯಾರೆ ಲೆಕ್ಕ ಹಾಕಿ, ಎಲ್ಲೆಲ್ಲಿ ಎರಡು ಅರ್ಥ ಬರುತ್ತದೆಂದು ಬರೆದು ಕಳಿಸುತ್ತಿದ್ದರು.

ಕೇಸು ಮೂರು ವರ್ಷ ಎಳೆಯಿತು. ರಾಜೇಶನ ಮೇಲೂ, ಸ್ಟೆಬಿಲೈಸರ್ ಎಸೆದದ್ದಕ್ಕೆ ದೇವರಾಜನ ಮೇಲೂ ಕೇಸಿತ್ತು. ಎರಡು ಸಾವಿರದ ಏಳರ ಜೂನ್‌ನಲ್ಲಿ ಮೂಡಿಗೆರೆ ಕೋರ್ಟಿನಲ್ಲಿ ಸಾಕ್ಷಿ ನಡೆಯಿತು. ಎದುರಿನ ವಕೀಲರು ಇವರನ್ನು ಒಂದು ಗಂಟೆ ಕೆದಕಿದರು. ನಿಮಗೆ ಒಂದು ಕಿವಿ ಕೇಳಿಸುವುದಿಲ್ಲ, ಕನ್ನಡಕವಿಲ್ಲದೆ ಕಾಣುವುದಿಲ್ಲ, ಗಾಜಿನಾಚೆ ಇದ್ದವನ ಕಣ್ಣು ಎಲ್ಲಿತ್ತೆಂದು ಹೇಗೆ ಗೊತ್ತು ಎಂದರು. ಇವರು ಹೇಳಿದ್ದನ್ನೇ ಹೇಳಿದರು, ಒಂದು ಪದ ಬದಲಿಸಲಿಲ್ಲ.

ಆಮೇಲೆ ನಾಗೇಶನನ್ನು ಕರೆದರು. ಅವನು ಈಗ ಬೇರೆ ಊರಿನ ಕಾಲೇಜಿನಲ್ಲಿದ್ದ, ಕೂದಲು ಉದುರಿತ್ತು. ಅವನು ಏನೂ ನೋಡಿಲ್ಲವೆಂದೇ ಎಲ್ಲರೂ ಲೆಕ್ಕ ಹಾಕಿದ್ದರು.

"ಪ್ರಶ್ನೆ ಬರೆದೋನು ನಾನು" ಎಂದ ಅವನು. "ಮೇಡಂಗೆ ತೋರಿಸದೆ ಹಾಕಿದ್ದೂ ನಾನೇ. ನಾನು ಲ್ಯಾಬಲ್ಲೇ ಇದ್ದೆ. ಮೊದಲ್ನೇ ಸಲ ಒದ್ದಾಗ ಮೇಡಂ ಕಿರುಚಿದ್ರು. ಕಿರುಚಿದ್ ಮೇಲೆ ರಾಜೇಶ್ ನಿಂತು, ಬೆರಳು ನೋಡಿ, ಇನ್ನೊಂದ್ಸಲ ಒದ್ದ. ದೇವರಾಜ ಎಸೆದಿದ್ದು ಅದಾದ್ ಮೇಲೆ. ಪೊಲೀಸರಿಗೆ ನಾನು ಸುಳ್ಳು ಹೇಳಿದೀನಿ."

ಹಿಂದಿನ ಬೆಂಚಿನಲ್ಲಿದ್ದ ಸುಬ್ಬಣ್ಣ ಎದ್ದು ಹೊರಗೆ ಹೋದರು. ತಿಂಗಳ ನಂತರ ತೀರ್ಪು ಬಂತು. ಜೀವ ಉಳಿಸಿಕೊಳ್ಳಲು ಎಸೆದದ್ದೆಂದು ದೇವರಾಜನನ್ನು ಬಿಟ್ಟರು. ರಾಜೇಶನಿಗೆ ಆರು ತಿಂಗಳ ಸಜೆಯಾಯಿತು. ಅವನು ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗೆ ಬಂದ. ಧನ್ಯಾ ಆಗಲೇ ಕಳಸದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು.

ಸಾಕ್ಷಿ ಹೇಳಿದ ಆ ಮಧ್ಯಾಹ್ನ ನಾಗೇಶ ಕೋರ್ಟಿನ ಮೆಟ್ಟಿಲ ಕೆಳಗೆ ಇವರಿಗಾಗಿ ಕಾದಿದ್ದ. ಹತ್ತಿರ ಬರಲು ಧೈರ್ಯ ಸಾಲದೆ ಎರಡು ಸಲ ಹಿಂದೆ ಸರಿದ.

"ಮೇಡಂ, ಮೂರು ವರ್ಷ ನಂಗೆ..."

"ಊಟ ಆಯ್ತಾ?" ಎಂದರು ಸರ್ವಮಂಗಳಾ.

ಆಗಿರಲಿಲ್ಲ. ಇಬ್ಬರೂ ಎದುರಿನ ಹೋಟೆಲಿನಲ್ಲಿ ಕೂತರು. ಅವನು ತುತ್ತು ನುಂಗಲಾರದೆ ಅನ್ನ ಕಲಸುತ್ತ ಕೂತ. ಇವರು ಅವನ ಎಲೆಗೆ ಮಜ್ಜಿಗೆ ಹಾಕಿಸಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದು ಬಂದ ಮೇಲೆ ಅವನು ಚೀಲದಿಂದ ಎರಡು ಹಾಳೆ ತೆಗೆದು, ಮುಂದಿನ ವಾರ ತಮ್ಮ ಕಾಲೇಜಿನಲ್ಲಿ ಸ್ಪರ್ಧೆ ಇದೆ, ನೋಡಿಕೊಡುತ್ತೀರಾ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಎಷ್ಟು ದಿನ ಇದೆ?"

"ಒಂಬತ್ತು ದಿನ ಮೇಡಂ."

"ಇವತ್ತೂ ಸೇರಿ ಒಂಬತ್ತೋ, ನಾಳೆಯಿಂದ ಒಂಬತ್ತೋ?"

ಅವನು ಬೆರಳು ಮಡಚಿ ಎಣಿಸತೊಡಗಿದ. ಹೊರಗೆ ಕೊಟ್ಟಿಗೆಹಾರದ ಬಸ್ಸು ಹೊರಡಲು ಹಾರ್ನ್ ಹೊಡೆಯಿತು. ಅವನು ಎಣಿಸಿ ಮುಗಿಸುವವರೆಗೆ ಸರ್ವಮಂಗಳಾ ಪೆನ್ನಿನ ಮುಚ್ಚಳ ತೆಗೆದು ಕಾದರು.